ಹಳೆಯ ಮನೆ ಕೊಳ್ಳುವ ಮುಂಚೆ ಯಾವುದನ್ನು ಮೊದಲು ನೋಡಬೇಕು?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಿಮಗೆಲ್ಲ ತಿಳಿದದ್ದೇ. ಹಿರಿಯರು ಈ ಗಾದೆಯಲ್ಲಿ ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡುವ ಮಾತನ್ನು ಸೇರಿಸಲಿಲ್ಲ. ಈಗ ಅದನ್ನೂ ಸೇರಿಸಬೇಕಾದ ಕಾಲ ಬಂದಿದೆ.

ನಮ್ಮ ಕುಣಿಗಲ್ ತಾಲ್ಲೂಕಿನ ಕಸಬಾ, ಅಮೃತೂರು, ಹುಲಿಯೂರುದುರ್ಗ, ಹುತ್ರಿದುರ್ಗ, ಕೊತ್ತಗೆರೆ, ಎಡೆಯೂರು, ಈ ಯಾವ ಹೋಬಳಿಗೆ ಹೋದರೂ ಬೀಗ ಹಾಕಿದ ಹಳೆಯ ಮನೆಗಳು ಕಣ್ಣಿಗೆ ಬೀಳುತ್ತವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ವಯಸ್ಸಾದವರು ತೀರಿಕೊಂಡಿದ್ದಾರೆ, ಮನೆ ಮಾರಾಟಕ್ಕಿದೆ. ಇತ್ತ ಊರಿನಲ್ಲಿಯೇ ಉಳಿದ ರೈತನಿಗೆ ಮಗನ ಸಂಸಾರಕ್ಕೊಂದು ಮನೆ ಬೇಕಾಗಿರುತ್ತದೆ. ಹೊಸದಾಗಿ ಕಟ್ಟುವುದಕ್ಕಿಂತ ಹಳೆಯದನ್ನು ಕೊಂಡು ಸರಿಪಡಿಸುವುದು ಮೇಲೆಂದು ಅವನಿಗೆ ತೋರುತ್ತದೆ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಎರಡು ಮೂರು ಮನೆಗಳು ಮಾರಾಟಕ್ಕಿರುವಾಗ ಯಾವುದನ್ನು ಆರಿಸಬೇಕು? ಕೊಬ್ಬರಿ, ರೇಷ್ಮೆಗೂಡು, ಹಾಲು ಮಾರಿ ವರ್ಷಗಟ್ಟಲೆ ಕೂಡಿಟ್ಟ ಹಣ ಒಂದೇ ದಿನ ಕೈ ಬಿಡುವ ವಿಷಯವಿದು. ಆದ್ದರಿಂದ ಸ್ವಲ್ಪ ಸಾವಧಾನದಿಂದ ವಿಚಾರ ಮಾಡೋಣ.

ಈ ಪಾಠದಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಸರಿಪಡಿಸಲಾಗದ್ದನ್ನು ಮೊದಲು ನೋಡಿ, ಸರಿಪಡಿಸಬಹುದಾದ್ದನ್ನು ಕೊನೆಗೆ ನೋಡಿ. ನಾವು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿ ಮಾಡುತ್ತೇವೆ. ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಹೆಂಚು ನೋಡುತ್ತೇವೆ, ಆಮೇಲೆ ಗೋಡೆ ನೋಡುತ್ತೇವೆ, ಮುಂಗಡ ಕೊಟ್ಟಾದ ಮೇಲೆ ಕಾಗದ ನೋಡುತ್ತೇವೆ. ಬಣ್ಣವನ್ನು ಎರಡು ದಿನದಲ್ಲಿ ಬದಲಾಯಿಸಬಹುದು. ಹಕ್ಕು ಇಲ್ಲದ ಮನೆಯನ್ನು ಎರಡು ತಲೆಮಾರಾದರೂ ಸರಿಪಡಿಸಲಾಗದೆ ಹೋಗಬಹುದು. ಆದ್ದರಿಂದ ಕಾಗದ, ನೆಲ, ಗೋಡೆ, ಮರ, ಹೆಂಚು ಎಂಬ ಈ ಐದನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು.

ಒಂದು: ಕಾಗದ

ಹಳೆಯ ಮನೆ ಎಂದರೆ ಬಹುಮಟ್ಟಿಗೆ ಪಿತ್ರಾರ್ಜಿತ ಆಸ್ತಿ. ಖಾತೆ ಹಿರಿಯ ಮಗನ ಹೆಸರಿನಲ್ಲಿದ್ದ ಮಾತ್ರಕ್ಕೆ ಮನೆ ಅವನೊಬ್ಬನದೇ ಆಗುವುದಿಲ್ಲ. ಖಾತೆ ಎಂಬುದು ಕಂದಾಯ ಕಟ್ಟುವುದಕ್ಕೆ ಇರುವ ದಾಖಲೆ. ಅದೊಂದೇ ಹಕ್ಕಿನ ಪತ್ರವಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಮನೆಗೆ ವಾರಸುದಾರರು ಎಷ್ಟು ಜನ?

ಎಣಿಸುವಾಗ ಹೆಣ್ಣುಮಕ್ಕಳನ್ನು ಬಿಡಬೇಡಿ. ಮದುವೆಯಾಗಿ ಹೋದವರಿಗೆ ತವರಿನ ಮನೆಯಲ್ಲಿ ಪಾಲಿಲ್ಲ ಎಂಬ ಹಳೆಯ ಮಾತು ಈಗ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾದ ವಿಭಾಗಪತ್ರವೋ ನ್ಯಾಯಾಲಯದ ಡಿಕ್ರಿಯೋ ಇದ್ದರೆ ಅದು ಬೇರೆ ಮಾತು. ಇತರ ಧರ್ಮದವರಲ್ಲಿಯೂ ಅವರವರ ಕಾನೂನಿನಂತೆ ಹೆಣ್ಣುಮಕ್ಕಳಿಗೆ ಪಾಲುಂಟು. ಅಣ್ಣತಮ್ಮಂದಿರು ಮೂವರೂ ರುಜು ಹಾಕಿ, ಅಕ್ಕ ಒಬ್ಬಳು ಹಾಕದೆ ಉಳಿದರೆ, ನಾಳೆ ಅವಳು ದಾವೆ ಹೂಡಿದಾಗ ದುರಸ್ತಿಗೆ ಸುರಿದ ಹಣವೂ ಸೇರಿ ಕೊಂಡವನ ಗತಿ ತೂಗುಯ್ಯಾಲೆಯಾಗುತ್ತದೆ. ಅಕ್ಕನದು ತಪ್ಪಲ್ಲ, ಅವಳು ಕೇಳುತ್ತಿರುವುದು ಅವಳ ಪಾಲು. ಕೇಳದೆ ಕೊಂಡದ್ದೇ ತಪ್ಪು. ಅಪ್ರಾಪ್ತ ವಯಸ್ಸಿನ ವಾರಸುದಾರರಿದ್ದರೆ ವಕೀಲರನ್ನು ವಿಚಾರಿಸದೆ ಮುಂದುವರಿಯಲೇಬೇಡಿ.

ಇದಲ್ಲದೆ ನೋಡಬೇಕಾದವು:

ಮೂಲಪತ್ರವನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಪ್ರತಿಯಿಂದ ತೃಪ್ತರಾಗಬೇಡಿ. ಮೂಲಪತ್ರ ಮನೆಯಲ್ಲಿಲ್ಲವೆಂದರೆ ಅದು ಯಾವುದಾದರೂ ಬ್ಯಾಂಕಿನಲ್ಲಿ ಅಡವಿಗೆ ಇರಬಹುದು.

ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಮೂವತ್ತು ವರ್ಷದಷ್ಟು ಹಿಂದಿನವರೆಗೆ ತೆಗೆಸುವುದು ಒಳ್ಳೆಯದು. ಇದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಬಿಳಿಯ ಹಾಳೆಯ ಕರಾರುಗಳು ಕಾಣುವುದಿಲ್ಲ. ಅದಕ್ಕೆ ಊರಿನ ನಾಲ್ಕು ಜನರನ್ನು ವಿಚಾರಿಸಬೇಕು.

ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11 ಇವೆಯೇ, ಅವುಗಳಲ್ಲಿ ಬರೆದ ಅಳತೆ ಮತ್ತು ಚಕ್ಕುಬಂದಿ ಸ್ಥಳದಲ್ಲಿರುವುದಕ್ಕೆ ಸರಿಹೊಂದುತ್ತವೆಯೇ ಎಂದು ಟೇಪು ಹಿಡಿದು ನೋಡಿ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಗ್ರಾಮಠಾಣಗಳ ಅಳತೆ ನಡೆದಿದೆ. ನಿಮ್ಮ ಊರಿನ ಅಳತೆ ಮುಗಿದಿದ್ದರೆ ಆ ನಕ್ಷೆಯನ್ನೂ ತಾಳೆ ನೋಡಿ.

ಮನೆ ಗ್ರಾಮಠಾಣದಲ್ಲಿದೆಯೋ, ಗೋಮಾಳವನ್ನೋ ಕೆರೆಯಂಗಳವನ್ನೋ ಒತ್ತಿಕೊಂಡಿದೆಯೋ ಎಂದು ತಿಳಿಯಿರಿ. ಸರ್ಕಾರ ಮಂಜೂರು ಮಾಡಿಕೊಟ್ಟ ನಿವೇಶನವಾದರೆ ಪರಭಾರೆ ಮಾಡಬಾರದೆಂಬ ಷರತ್ತು ಇರಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೆ ಮಂಜೂರಾದ ಜಮೀನುಗಳ ವಿಷಯದಲ್ಲಿ 1978ರ ಕಾಯಿದೆಯೇ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ನಿಲ್ಲುವುದಿಲ್ಲ.

ಅಕ್ಕಪಕ್ಕದ ಮನೆಗೆ ಜಂಟಿ ಗೋಡೆ ಇದೆಯೇ? ಸೂರಿನ ನೀರು ಯಾರ ಜಾಗದಲ್ಲಿ ಬೀಳುತ್ತದೆ? ಹಿತ್ತಲಿಗೆ ಹೋಗುವ ದಾರಿ ಯಾರದು? ಇವನ್ನು ಮಾರುವವರ ಬಾಯಿಂದ ಮಾತ್ರವಲ್ಲ, ನೆರೆಯವರ ಬಾಯಿಂದಲೂ ಕೇಳಿ.

ಎರಡು: ನೆಲ ಮತ್ತು ನೀರು

ಕಾಗದ ಸರಿಯಿದ್ದರೆ ಆಮೇಲೆ ಮನೆಯ ಹತ್ತಿರ ಹೋಗಿ. ಒಳಗೆ ಹೋಗುವ ಮುಂಚೆ ಹೊರಗೆ ಸುತ್ತು ಹಾಕಿ. ಮಣ್ಣಿನ ಮನೆಯ ದೊಡ್ಡ ಶತ್ರು ನೀರು. ಗೋಡೆಯನ್ನು ಹೊಸದಾಗಿ ಕಟ್ಟಬಹುದು. ತಗ್ಗಿನಲ್ಲಿರುವ ಮನೆಯನ್ನು ಎತ್ತರಕ್ಕೆ ಒಯ್ಯಲಾಗುವುದಿಲ್ಲ.

ಮನೆ ಬೀದಿಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿ. ಕಟ್ಟಿದವರು ಜಗಲಿಯನ್ನು ಬೀದಿಗಿಂತ ಎರಡು ಅಡಿ ಎತ್ತರವಾಗಿಯೇ ಕಟ್ಟಿರುತ್ತಾರೆ. ಆದರೆ ಬೀದಿಗೆ ಒಂದರ ಮೇಲೊಂದು ಕಾಂಕ್ರೀಟು ಹಾಕಿದ ಕಡೆಗಳಲ್ಲಿ ಬೀದಿಯೇ ಮೇಲೆ ಬಂದು, ಜಗಲಿ ಕೆಳಗಾಗಿರುವುದುಂಟು. ಅಂಥ ಮನೆಗೆ ಮಳೆಗಾಲದಲ್ಲಿ ಬೀದಿಯ ನೀರೆಲ್ಲ ಅತಿಥಿ. ಚರಂಡಿ ಎಲ್ಲಿದೆ, ಅದರ ಇಳಿಜಾರು ಎತ್ತ ಎಂದು ನೋಡಿ.

ಸಾಧ್ಯವಾದರೆ ಮನೆಯನ್ನು ಎರಡು ಬಾರಿ ನೋಡಿ: ಬಿಸಿಲಿನಲ್ಲೊಮ್ಮೆ, ಮಳೆಯಲ್ಲೊಮ್ಮೆ. ಹಸ್ತ, ಚಿತ್ತೆ ಮಳೆ ಬಿಡದೆ ಹಿಡಿದಾಗ ಒಂದು ಗಂಟೆ ಆ ಮನೆಯಲ್ಲಿ ನಿಂತರೆ, ಮಾರುವವರು ಹೇಳದ ಸಂಗತಿಗಳನ್ನು ಮನೆಯೇ ಹೇಳುತ್ತದೆ. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೋ, ದೂರ ಹರಿಯುತ್ತಿದೆಯೋ? ತೊಟ್ಟಿಯ ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದೆಯೋ? ಬಚ್ಚಲ ನೀರು, ಕೊಟ್ಟಿಗೆಯ ಗಂಜಲ ಎಲ್ಲಿ ಇಂಗುತ್ತಿವೆ? ಹಿತ್ತಲಿನಲ್ಲಿ ಕಕ್ಕಸು ಕಟ್ಟಿಸಿ, ಅದರ ಗುಂಡಿಯನ್ನು ಗೋಡೆಗೂ ಬಾವಿಗೂ ದೂರವಾಗಿ ತೆಗೆಯುವಷ್ಟು ಜಾಗ ಇದೆಯೇ ಎಂಬುದನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ.

ಮೂರು: ಗೋಡೆ

ನಮ್ಮ ಹಳೆಯ ಮನೆಗಳ ಗೋಡೆ ಮಣ್ಣಿನದು, ತಳಪಾಯ ಕಲ್ಲಿನದು, ಮೇಲಿನ ಭಾರವನ್ನು ಎಷ್ಟೋ ಕಡೆ ಕಂಬಗಳೇ ಹೊರುತ್ತವೆ. ದಪ್ಪವಾದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಒಣಗಿದ್ದರೆ ಅದು ತಲೆಮಾರುಗಟ್ಟಲೆ ನಿಲ್ಲುತ್ತದೆ. ನೆನೆದರೆ ಒಂದು ರಾತ್ರಿಯಲ್ಲಿ ಕುಸಿಯಬಹುದು, ಮಲಗಿದವರ ಜೀವಕ್ಕೇ ಎರವಾಗಬಹುದು. ಆದ್ದರಿಂದ ಗೋಡೆಯ ಪರೀಕ್ಷೆಯಲ್ಲಿ ದಾಕ್ಷಿಣ್ಯ ಬೇಡ.

ದಾರಕ್ಕೊಂದು ಕಲ್ಲು ಕಟ್ಟಿ ಗೋಡೆಯ ಮೇಲಿನಿಂದ ಇಳಿಬಿಡಿ. ಗೋಡೆ ನೆಟ್ಟಗಿದ್ದರೆ ದಾರ ಉದ್ದಕ್ಕೂ ಸಮವಾಗಿ ನಿಲ್ಲುತ್ತದೆ. ನಡುವೆ ಹೊಟ್ಟೆ ಬಂದಿದ್ದರೆ ಆ ಭಾಗವನ್ನು ಬಿಚ್ಚಿ ಕಟ್ಟಲೇಬೇಕು ಎಂದು ಲೆಕ್ಕ ಹಾಕಿಕೊಳ್ಳಿ. ಬಿರುಕುಗಳಲ್ಲಿ ಎರಡು ಬಗೆ. ಗಾರೆಯ ಮೇಲೆ ಕೂದಲೆಳೆಯಂತೆ ಹರಡಿದವು ಅಂಥ ದೊಡ್ಡ ವಿಷಯವಲ್ಲ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು ಬೆರಳು ತೂರುವಷ್ಟು ಬಾಯಿ ಬಿಟ್ಟವು ತಳಪಾಯ ಕುಸಿದ ಗುರುತು. ಬಿರುಕಿನೊಳಗೆ ಧೂಳು, ಜೇಡರ ಬಲೆ ಇದ್ದರೆ ಅದು ಹಳೆಯದು. ಅಂಚು ಹೊಸದಾಗಿ ಕಂಡರೆ ಗೋಡೆ ಇನ್ನೂ ಸರಿಯುತ್ತಿದೆ.

ಗೋಡೆಯ ಬುಡದಿಂದ ಮೊಣಕಾಲಿನ ಎತ್ತರದವರೆಗೆ ಕೈಯಿಟ್ಟು ನೋಡಿ. ತಣ್ಣಗೆ ಒದ್ದೆಯಾಗಿದ್ದರೆ, ಬಿಳಿಯ ಉಪ್ಪಿನ ಪುಡಿ ಉದುರುತ್ತಿದ್ದರೆ, ನೆಲದ ತೇವ ಮೇಲಕ್ಕೆ ಏರುತ್ತಿದೆ ಎಂದರ್ಥ. ಹೊಸದಾಗಿ ಸಿಮೆಂಟು ಬಳಿದು ಬಣ್ಣ ಹೊಡೆದ ಮಣ್ಣಿನ ಗೋಡೆಯನ್ನು ಕಂಡರೆ ಇನ್ನೂ ಹೆಚ್ಚು ಎಚ್ಚರದಿಂದಿರಿ. ಮಣ್ಣಿನ ಗೋಡೆ ಹೀರಿಕೊಂಡ ತೇವವನ್ನು ಗಾಳಿಗೆ ಬಿಡುತ್ತಿರಬೇಕು. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಗಾರೆ ಚೆನ್ನಾಗಿ ಕಾಣುತ್ತಿರುವಾಗಲೇ ಹಿಂದಿನ ಮಣ್ಣು ಸಡಿಲವಾಗಿರುತ್ತದೆ. ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಾರೆಯೂ ಗೋಡೆಯೂ ಬೇರೆಯಾಗಿವೆ.

ನಾಲ್ಕು: ಮರ

ಹಳೆಯ ಮನೆಯ ಬೆಲೆ ಬಹುಮಟ್ಟಿಗೆ ಅದರ ಮರದಲ್ಲಿದೆ. ಕಂಬ, ಬೋದಿಗೆ, ತೊಲೆ, ಜಂತೆ, ಬಾಗಿಲುವಾಡ, ಇವನ್ನೆಲ್ಲ ಇಂದು ಹೊಸದಾಗಿ ಮಾಡಿಸಹೋದರೆ ಅಷ್ಟು ಹಳೆಯ, ಅಷ್ಟು ಗಟ್ಟಿಯ ಮರ ಸುಲಭವಾಗಿ ಸಿಕ್ಕದು. ಆದ್ದರಿಂದಲೇ ಹಳೆಯ ಕಂಬ ಬಾಗಿಲುಗಳನ್ನು ಕೊಳ್ಳುವ ವ್ಯಾಪಾರಿಗಳು ಹಳ್ಳಿಗಳಲ್ಲಿ ಸುತ್ತುತ್ತಾರೆ. ನೀವು ನೋಡಿದ ದಿನ ಇದ್ದ ಕಂಬಗಳು ಕ್ರಯದ ದಿನವೂ ಇರಬೇಕು. ಕರಾರು ಪತ್ರದಲ್ಲಿ ಕಂಬ, ಬಾಗಿಲು, ಒರಳುಕಲ್ಲು ಸಹಿತ ಪಟ್ಟಿ ಬರೆಸಿಕೊಳ್ಳಿ.

ಮರವನ್ನು ಕಣ್ಣಿನಿಂದ ನೋಡಿದರೆ ಸಾಲದು. ಕುಡುಗೋಲಿನ ಹಿಡಿಯಿಂದ ತಟ್ಟಿ, ಚೂಪಾದ ಮೊಳೆಯಿಂದ ಚುಚ್ಚಿ ನೋಡಬೇಕು. ಮುಖ್ಯವಾಗಿ ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗ, ಕಂಬದ ಬುಡ, ಹೊಸ್ತಿಲು, ಇವೇ ಮೊದಲು ಕೆಡುವ ಜಾಗಗಳು. ಗೋಡೆಯ ಮೇಲೆ ಸಣ್ಣ ಮಣ್ಣಿನ ಕೊಳವೆಗಳು ಏರಿದ್ದರೆ ಗೆದ್ದಲಿದೆ. ಮರದ ಕೆಳಗೆ ಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ. ಒಂದೆರಡು ಜಂತೆ ಕೆಟ್ಟಿದ್ದರೆ ಹೆದರಬೇಕಾಗಿಲ್ಲ. ಕೆಟ್ಟ ತುದಿಯನ್ನು ಕೊಯ್ದು ಒಳ್ಳೆಯ ಮರ ಜೋಡಿಸುವ ಬಡಗಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ನಡುತೊಲೆಯೇ ಬಾಗಿದ್ದರೆ, ನಾಲ್ಕು ಕಂಬಗಳ ಬುಡವೂ ಟೊಳ್ಳಾಗಿದ್ದರೆ, ಖರ್ಚಿನ ಲೆಕ್ಕವೇ ಬದಲಾಗುತ್ತದೆ. ತೆಂಗಿನ ಮರದ ತೀರುಗಳಿದ್ದರೆ ಬಲಿತ ಮರದ ಹೊರಭಾಗವೋ, ಮೆತ್ತನೆಯ ತಿರುಳೋ ನೋಡಿ. ಹೊರಭಾಗ ಗಟ್ಟಿ, ತಿರುಳು ಬೇಗ ಕೆಡುತ್ತದೆ.

ಐದು: ಹೆಂಚು

ಹೆಂಚನ್ನು ಕೊನೆಗೆ ಹೇಳುವುದಕ್ಕೆ ಕಾರಣವಿದೆ. ಒಡೆದ ಹೆಂಚು ಕೊಳ್ಳುವವರನ್ನು ಬಹಳ ಹೆದರಿಸುತ್ತದೆ, ಆದರೆ ಬಹಳ ಸುಲಭವಾಗಿ ಸರಿಹೋಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡೆಲ್ಲ ಹರಡಿತು. ಹಳೆಯ ಮನೆಗಳನ್ನು ಬಿಚ್ಚುವ ಕಡೆ ಒಳ್ಳೆಯ ಹಳೆಯ ಹೆಂಚು ದೊರೆಯುತ್ತದೆ. ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 140ರಿಂದ 150 ಹೆಂಚು ಬೇಕು. ಹೆಂಚನ್ನು ಬೆರಳಿನಿಂದ ತಟ್ಟಿದಾಗ ಗಂಟೆಯಂಥ ನಾದ ಬಂದರೆ ಒಳ್ಳೆಯದು, ಮಂಕಾದ ಸದ್ದು ಬಂದರೆ ಬಿರುಕಿದೆ.

ಹೆಂಚಿಗಿಂತ ಹೆಚ್ಚಾಗಿ ತೊಟ್ಟಿಯ ಒಳಮೂಲೆಗಳಲ್ಲಿ ಎರಡು ಇಳಿಜಾರು ಕೂಡುವ ಜಾಗದ ತಗಡಿನ ದೋಣಿಯನ್ನು ನೋಡಿ. ಅದು ತೂತಾಗಿದ್ದರೆ ವರ್ಷಗಟ್ಟಲೆ ನೀರು ಕೆಳಗಿನ ಮೂಲೆಗಂಬಕ್ಕೆ ಇಳಿದಿರುತ್ತದೆ. ಹೆಂಚು ಜಾರಿ ತುಂಬಾ ದಿನವಾದ ಕಡೆ ಅದರ ನೇರ ಕೆಳಗಿನ ಗೋಡೆಯನ್ನೂ ಮರವನ್ನೂ ಮತ್ತೊಮ್ಮೆ ಪರೀಕ್ಷಿಸಿ. ಹೆಂಚು ಒಡೆದದ್ದು ಸಣ್ಣ ವಿಷಯ. ಒಡೆದ ಹೆಂಚನ್ನು ಹತ್ತು ಮಳೆಗಾಲ ಹಾಗೆಯೇ ಬಿಟ್ಟದ್ದು ದೊಡ್ಡ ವಿಷಯ.

ಮೂರು ಮನೆಗಳ ಹೋಲಿಕೆ

ಈಗ ಕಲಿತದ್ದನ್ನು ಒಂದು ಉದಾಹರಣೆಗೆ ಹಚ್ಚಿ ನೋಡೋಣ. ಒಂದೂರಿನಲ್ಲಿ ಮೂರು ಮನೆಗಳು ಮಾರಾಟಕ್ಕಿವೆ ಎಂದಿಟ್ಟುಕೊಳ್ಳಿ. ಅಂಕಿಗಳು ಲೆಕ್ಕ ತಿಳಿಯಲೆಂದು ಮಾತ್ರ ಹಾಕಿದವು.

ಮೊದಲನೆಯ ಮನೆಗೆ ಹೊಸದಾಗಿ ಸಿಮೆಂಟು ಗಾರೆ, ಬಣ್ಣ ಆಗಿದೆ. ನೋಡಲು ಲಕ್ಷಣವಾಗಿದೆ. ಬೆಲೆ 8 ಲಕ್ಷ. ಆದರೆ ಬೀದಿ ಜಗಲಿಗಿಂತ ಮೇಲಿದೆ, ಬುಡದಲ್ಲಿ ತೇವವಿದೆ, ಒಂದು ಗೋಡೆಗೆ ಹೊಟ್ಟೆ ಬಂದಿದೆ. ದುರಸ್ತಿಗೆ 6 ಲಕ್ಷ. ಒಟ್ಟು 14 ಲಕ್ಷ.

ಎರಡನೆಯದು ತೊಟ್ಟಿ ಮನೆ. ಒಂದು ಪಾರ್ಶ್ವದ ಹೆಂಚು ಬಿದ್ದಿದೆ, ಅಂಗಳದಲ್ಲಿ ಲಂಟಾನ ಬೆಳೆದಿದೆ. ಬೆಲೆ 6 ಲಕ್ಷ. ಮನೆ ದಿಣ್ಣೆಯ ಮೇಲಿದೆ, ಗೋಡೆ ನೆಟ್ಟಗಿದೆ, ಕಂಬ ಗಟ್ಟಿಯಾಗಿವೆ, ಐದು ಜನ ವಾರಸುದಾರರೂ ರುಜು ಹಾಕಲು ಸಿದ್ಧರಿದ್ದಾರೆ. ದುರಸ್ತಿಗೆ 5 ಲಕ್ಷ. ಒಟ್ಟು 11 ಲಕ್ಷ.

ಮೂರನೆಯದು ಚಿಕ್ಕದು, ಗಟ್ಟಿಮುಟ್ಟಾಗಿದೆ. ಬೆಲೆ 3 ಲಕ್ಷ, ದುರಸ್ತಿಗೆ 3 ಲಕ್ಷ, ಒಟ್ಟು 6 ಲಕ್ಷ. ಆದರೆ ಪತ್ರ ಇನ್ನೂ ತಾತನ ಹೆಸರಿನಲ್ಲಿದೆ, ತೀರಿಕೊಂಡ ಮಗಳ ಮಕ್ಕಳು ಎಲ್ಲಿದ್ದಾರೆಂದು ಯಾರೂ ಹೇಳುತ್ತಿಲ್ಲ.

ಅಂದ ನೋಡುವವನು ಮೊದಲನೆಯದನ್ನು ಕೊಳ್ಳುತ್ತಾನೆ. ಅಗ್ಗ ನೋಡುವವನು ಮೂರನೆಯದನ್ನು ಕೊಳ್ಳುತ್ತಾನೆ. ನಮ್ಮ ಕ್ರಮದಂತೆ ನೋಡಿದವನಿಗೆ ಮೂರನೆಯದು ಮೊದಲ ಹೆಜ್ಜೆಯಲ್ಲಿಯೇ ಬಿಟ್ಟುಹೋಗುತ್ತದೆ. ವಾರಸುದಾರರೆಲ್ಲ ಸಿಕ್ಕಿ ಕಾಗದ ಸರಿಯಾಗುವವರೆಗೆ ಅದಕ್ಕೆ ಒಂದು ರೂಪಾಯಿ ಮುಂಗಡವೂ ಬೇಡ. ಮೊದಲನೆಯದು ಎರಡನೆಯ ಹೆಜ್ಜೆಯಲ್ಲಿ ಬಿಟ್ಟುಹೋಗುತ್ತದೆ. ಎಷ್ಟು ಸುರಿದರೂ ಬೀದಿ ಕೆಳಗಿಳಿಯುವುದಿಲ್ಲ. ಉಳಿಯುವುದು ನೋಡಲು ಎಲ್ಲಕ್ಕಿಂತ ಹಾಳಾದ ಎರಡನೆಯ ಮನೆ. ಅದರ ಕೇಡೆಲ್ಲ ಹೆಂಚಿನಲ್ಲಿದೆ, ಮನುಷ್ಯರ ಕೈಯಲ್ಲಿ ಸರಿಹೋಗುವಂಥದು.

ಕೊಂಡ ಮೇಲೆ

ದುರಸ್ತಿಯನ್ನೂ ಒಂದು ಕ್ರಮದಲ್ಲಿ ಮಾಡಿ. ಮೊದಲು ನೀರು ಹೊರಹೋಗುವ ದಾರಿ, ಆಮೇಲೆ ಮರ ಮತ್ತು ಚಾವಣಿ, ಆಮೇಲೆ ಗೋಡೆ, ಕೊನೆಗೆ ನೆಲ ಮತ್ತು ಬಣ್ಣ. ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿದು, ಮುಂಗಾರು ಬಲಿಯುವ ಮುಂಚೆ ಚಾವಣಿ ಮುಚ್ಚುವಂತಿರಬೇಕು. ಹಳೆಯ ವಿದ್ಯುತ್ ತಂತಿಗಳನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿ, ಮೀಟರನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಅಂದಾಜಿನ ಮೇಲೆ ನಾಲ್ಕನೆಯ ಒಂದು ಪಾಲು ಹಣ ಹೆಚ್ಚಿಗೆ ಕೈಯಲ್ಲಿರಲಿ. ಹಳೆಯ ಮನೆ ಬಿಚ್ಚಿದ ಮೇಲೆಯೇ ತನ್ನ ಗುಟ್ಟುಗಳನ್ನು ಹೇಳುವುದು.

ಮಣ್ಣಿನ ಗೋಡೆಗೆ ಮಣ್ಣಿನದೋ ಸುಣ್ಣದ್ದೋ ಗಾರೆಯೇ ಸರಿ. ಕೆಮ್ಮಣ್ಣು, ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ ಕೆಲವು ದಿನ ಕೊಳೆಸಿ ಮೆತ್ತಿ, ಮೇಲೆ ಸುಣ್ಣ ಬಳಿಯುವುದು ನಮ್ಮ ಹಿರಿಯರ ಪದ್ಧತಿ. ಬಿದ್ದ ಗೋಡೆಯನ್ನು ಮತ್ತೆ ಕಟ್ಟುವುದಕ್ಕೆ ಸುಟ್ಟ ಇಟ್ಟಿಗೆಯೇ ಆಗಬೇಕೆಂದಿಲ್ಲ. ಈ ವಿಷಯದಲ್ಲಿ ನಮ್ಮ ತಾಲ್ಲೂಕಿಗೆ ಒಂದು ಹೆಮ್ಮೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಎಂಬ ವಿಭಾಗ ತನ್ನ ವಿಸ್ತರಣಾ ಕೇಂದ್ರವನ್ನು ತೆರೆದದ್ದು ನಮ್ಮ ಉಂಗ್ರ ಗ್ರಾಮದಲ್ಲಿಯೇ. ಮಣ್ಣಿಗೆ ಸ್ವಲ್ಪವೇ ಸಿಮೆಂಟು, ನೂರಕ್ಕೆ ಐದರಿಂದ ಎಂಟು ಪಾಲಿನಷ್ಟು, ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಅಸ್ತ್ರದವರು ಅಭ್ಯಾಸ ಮಾಡಿ ಬೆಳೆಸಿದರು. ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆಯೂ ಅವರದೇ. ಸೌದೆ ಉರಿಸುವ ಹಳೆಯ ಅಡಿಗೆಮನೆಯನ್ನು ಸರಿಪಡಿಸುವವರು ಹೊಗೆಗೂಡನ್ನು ಮರೆಯಬಾರದು. ಮನೆಯ ಹೆಂಗಸರ ಕಣ್ಣು, ಎದೆಗಳ ಆರೋಗ್ಯ ಅದರಲ್ಲಿದೆ.

ಕೊನೆಯದಾಗಿ, ಮನೆ ನೋಡಲು ಹೋಗುವಾಗ ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ: ಗಾರೆ ಕೆಲಸದವರೊಬ್ಬರು, ಬಡಗಿಯೊಬ್ಬರು, ಮತ್ತು ಆ ಮನೆಯಲ್ಲಿ ಅಡಿಗೆ ಮಾಡಿ, ನೀರು ಹೊತ್ತು ಬಾಳಬೇಕಾದ ನಿಮ್ಮ ಮನೆಯಾಕೆ. ಮೊದಲಿಬ್ಬರಿಗೆ ಒಂದು ದಿನದ ಕೂಲಿ ಕೊಡಿ. ಮೂರನೆಯವರ ಮಾತಿಗೆ ಕಿವಿ ಕೊಡಿ.

ಸಂಘದ ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಬೀಗ ಹಾಕಿದ ಒಂದು ಮನೆಯನ್ನು ಆರಿಸಿಕೊಳ್ಳಿ. ಅದರ ವಾರಸುದಾರರು ಎಷ್ಟು ಜನ? ಹೆಣ್ಣುಮಕ್ಕಳನ್ನು ಸೇರಿಸಿ ಎಣಿಸಿದ್ದೀರಾ?

2. ನಿಮ್ಮ ಬೀದಿಗೆ ಕಾಂಕ್ರೀಟು ಹಾಕಿದ ಮೇಲೆ ಎಷ್ಟು ಮನೆಗಳ ಜಗಲಿ ಬೀದಿಗಿಂತ ಕೆಳಗಾಗಿದೆ? ಇದನ್ನು ಗ್ರಾಮಸಭೆಯಲ್ಲಿ ಯಾರು ಎತ್ತಬೇಕು?

3. ನೀವು ಈಗ ವಾಸವಾಗಿರುವ ಮನೆಯನ್ನೇ ಕೊಳ್ಳಲು ಬಂದವರಂತೆ ಒಮ್ಮೆ ಸುತ್ತಿ ನೋಡಿ. ಈ ಮಳೆಗಾಲಕ್ಕೆ ಮುಂಚೆ ಅದರಲ್ಲಿ ಮೊದಲು ಸರಿಪಡಿಸಬೇಕಾದದ್ದು ಯಾವುದು?